ಮುನ್ನೂರ ಹದಿಮೂರನೇ ಸಂಚಿಕೆ

ಹದಿನಾಲ್ಕು ತಿಂಗಳಿಂದ ಒಂದೇ ಕೈಯಲ್ಲಿ
ನೇತಾಡುತ್ತಿದ್ದಾನೆ ತಂತಿರಾಯ
ಓಕಳಿಪುರದ ರೈಲು ಹಳಿಗಳ ಮೇಲೆ.
ಕೆಳಗೆ ಬರುತ್ತಲೇ ಇದೆ ಗೂಡ್ಸು ಗಾಡಿ.
ಮೂಲೆಯಲ್ಲಿ ಪುಟ್ಟ ಅಕ್ಷರ:
ಮುಂದಿನ ಸಂಚಿಕೆಯಲ್ಲಿ.

ಅಷ್ಟು ಬರೆದು, ಪೆನ್ನಿಗೆ ಟೋಪಿ ಹಾಕಿ,
ಕಾಟನ್‌ಪೇಟೆಯ ಈ ಮರದ ಮೆಟ್ಟಿಲಿಳಿದು
ಚಿಕ್ಕಲಿಂಗಯ್ಯನವರು ಹೋದವರು ಹೋದರು.
ಕೆಳಗಿನ ಹೋಟೆಲಿನ ಲೆಕ್ಕದಲ್ಲಿ ಇನ್ನೂ ಅವರ ಹೆಸರಿದೆ,
ಬಾಕಿ ಹನ್ನೊಂದು ಬೈಟು ಕಾಫಿ.
ಉಳಿದರ್ಧ ಕುಡಿದವಳು ನಾನು.

ನಾನು ಕರಡು ತಿದ್ದುತ್ತಿದ್ದವಳು.
ಅವರ ಕೈಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ:
ಹಕ್ಕಿ ಅಕ್ಕಿಯಾಗಿ ಹಾರುತ್ತಿತ್ತು,
ಎಷ್ಟು ಗಟ್ಟಿ ಹಗ್ಗವೂ ಅಗ್ಗ.
"ಇಡ್ಕಳ್ರೋ!" ಎಂದು ಕಂಬದ ತುದಿಯಿಂದ ಕೂಗುವವನ ಬಾಯಿಗೆ
ಒಂಬತ್ತು ವರ್ಷ ಕೆಂಪು ಶಾಯಿಯಲ್ಲಿ
ಹ ಹಾಕಿದೆ, ಹಿ ಹಾಕಿದೆ.
ಒಮ್ಮೆ ಕೇಳಿದ್ದರು, ನಗುತ್ತಲೇ:
"ಅಲ್ಲಮ್ಮಾ ಚೂಡಾಮಣಿ, ಕಂಬ ಅತ್ತೋ ಲೈನ್‌ಮನ್ನು
ಇಷ್ಟು ಶುದ್ಧವಾಗಿ ಮಾತಾಡ್ತಾನಾ?"
ನಾನು ನಿಘಂಟು ತೆಗೆದು ತೋರಿಸಿದ್ದೆ.

ಈಗ ಯಜಮಾನರು, ನೀನೇ ಬರಿ, ಅನ್ನುತ್ತಾರೆ.
ಹೊರಗಿನವರು ಇಬ್ಬರು ಬಂದು ಹೋದರು.
ಒಬ್ಬ ಅವನಿಗೆ ಉಕ್ಕಿನ ಕವಚ ತೊಡಿಸಿದ್ದ.
ಇನ್ನೊಬ್ಬ ಹಾಸಿಗೆಯಲ್ಲಿ ಎಬ್ಬಿಸಿ ಕೂರಿಸಿ
ಇದೆಲ್ಲ ಕನಸು ಅಂದ.

ಓದುಗರ ಕಾಗದದ ಗೋಣಿ ಸುರಿದೆ.
ಮಾಗಡಿ ರಸ್ತೆಯ ನಿವೃತ್ತ ಕಂಡಕ್ಟರು:
ಯಾರೇ ಬರೆಯಲಿ, ಅವನ ಚಪ್ಪಲಿ ಬದಲಿಸಬೇಡಿ.
ಹೌದು, ಆ ರಬ್ಬರು ಹವಾಯಿ.
ಕರೆಂಟು ಹೊಡೆಯದ ಗುಟ್ಟು ಇಡೀ ಊರಿಗೆ ಗೊತ್ತು,
ಖಳರಿಗಷ್ಟೇ ಇನ್ನೂ ಹೊಳೆದಿಲ್ಲ.
ಹೆಂಗಸು ಬರೆದರೆ ಅವನು ಅಳುತ್ತಾನೆ, ಎಂದವರೊಬ್ಬರು.
ಹೆಸರಿಲ್ಲ, ಅಂಚೆಚೀಟಿಯೂ ಇಲ್ಲ,
ದಂಡ ನಾವೇ ಕಟ್ಟಿ ಬಿಡಿಸಿಕೊಂಡಿದ್ದೇವೆ.
ತಳದಲ್ಲಿ, ನಾಲ್ಕು ಗೆರೆಯ ಕಾಪಿ ಹಾಳೆಯಲ್ಲಿ
ಲಗ್ಗೆರೆಯ ಐದನೇ ಕ್ಲಾಸಿನ ಹುಡುಗಿ:
ತಂತಿರಾಯ ಅಂಕಲ್‌ಗೆ ಕೈ ನೋಯಲ್ವಾ?

ಮಾರನೇ ದಿನ ಓಕಳಿಪುರಕ್ಕೆ ಹೋದೆ, ಜಾಗ ನೋಡಲು.
ತಂತಿಯೇ ಇಲ್ಲ.
ಕಂಬ ಕಿತ್ತ ಗುಳಿಗೆ ಸಿಮೆಂಟು ಬಳಿದಿದ್ದಾರೆ,
ಕರೆಂಟು ನೆಲದಡಿ ಓಡುತ್ತದಂತೆ ಈಗ.
ಮತ್ತೆ ಏನನ್ನು ಹಿಡಿದು ನೇತಾಡುತ್ತಿದ್ದಾನೆ ಇಷ್ಟು ದಿನ?
ಕತ್ತು ಎತ್ತಿ ನಿಂತೇ ಇದ್ದೆ ಬೆಪ್ಪಿಯ ಹಾಗೆ,
ಧೂಳು, ಹಾರನ್ನು, ಸುತ್ತಿಕೊಂಡು ಹೋಗುವ ಬೈಗುಳ.
ಆಟೋದವನೊಬ್ಬ ನಿಧಾನಿಸಿ ತಾನೂ ಮೇಲೆ ನೋಡಿದ.
"ಇಲ್ಲೇ ಅಲ್ವಾ ಮೇಡಂ ಅವ್ನು ಸಿಕ್ಕಾಕ್ಕೊಂಡಿದ್ದು?
ಏನಾದ್ರೂ ಸುದ್ದಿ ಬಂತಾ?"

ಜಬೀವುಲ್ಲಾ ಸಾಹೇಬರು ಹಾಳೆ ಹಾಸಿ ಕಾಯುತ್ತಿದ್ದಾರೆ.
ನಡುಗುವ ಕೈ; ಕುಂಚ ಹಾಳೆ ಮುಟ್ಟಿದರೆ ಮಾತ್ರ ಸುಮ್ಮನಾಗುತ್ತದೆ.
"ನೀವು ಬರೀರಿ, ಆಮೇಲೆ ನಾನು ಬರೀತೀನಿ."
ಇಬ್ಬರ ಕೆಲಸಕ್ಕೂ ಒಂದೇ ಮಾತು ಕೊಟ್ಟ ಭಾಷೆ
ಮೊದಲ ಗೆರೆ ಯಾರದೆಂದು ಹೇಳಿಕೊಟ್ಟಿಲ್ಲ.

ಕೊನೆಗೆ ಅವರೇ ಎಳೆದರು. ಮೊದಲ ಚೌಕ,
ಅದೇ ಕೈ, ತೀರಾ ಹತ್ತಿರದಿಂದ.
ಗಾಡಿಯಿಲ್ಲ, ಹಳಿಯಿಲ್ಲ, ತಂತಿಯೂ ಕಾಣದು,
ಗೆಣ್ಣು ಬಿಳಿಚಿದ ನಾಲ್ಕು ಬೆರಳು
ಮತ್ತು ನನಗೆಂದು ಬಿಟ್ಟ ಖಾಲಿ ಗುಳ್ಳೆ.
ಮುನ್ನೂರ ಹನ್ನೆರಡು ಸಂಚಿಕೆಯಲ್ಲಿ
ಅವನೆಂದೂ ಆಡದ ಮಾತು ಅದರಲ್ಲಿ ಬರೆದೆ:

"ನೋಯ್ತದೆ ಕಣವ್ವಾ. ಇಡ್ಕೊಂಡಿವ್ನಿ."

ಕೆಂಪು ಪೆನ್ನು ತಾನಾಗಿ ಬೆರಳಿಗೆ ಬಂತು.
ಆ ಇಕಾರದ ನೆತ್ತಿಯ ಮೇಲೆ
ಎಷ್ಟು ಹೊತ್ತು ನಿಂತಿತ್ತೋ,
ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದೆ.

ಕೆಳಗಿಳಿದು ಬೈಟು ಹೇಳಿದೆ.
ಎರಡು ಲೋಟ ಇಟ್ಟ ಹುಡುಗ, ಕಿವಿಯ ಪೆನ್ಸಿಲು ತೆಗೆದು,
ಯಾರ ಲೆಕ್ಕ ಅಕ್ಕಾ, ಎಂದ.
ಅವರದೇ, ಅಂದೆ.
ಅನ್ನೆರಡು ಮಾಡು.